1.31 ಲಕ್ಷದಿಂದ 66 ಸಾವಿರಕ್ಕೆ: ಸಾಲ್ಟ್ ಲೇಕ್ ಸ್ಟೇಡಿಯಂ ಯಾಕೆ ಚಿಕ್ಕದಾಯ್ತು?

ಬಳ್ಳಾರಿ, ಹೊಸಪೇಟೆ, ಕೊಪ್ಪಳದ ಮೇಲೆ ಹಾದು ಹೋಗುವ ಅಮರಾವತಿ ಎಕ್ಸ್‌ಪ್ರೆಸ್ ಅಂದರೆ ನಮ್ಮ ಕಡೆಯವರಿಗೆ ಗೋವಾಕ್ಕೆ ಹೋಗುವ ಗಾಡಿ. ಅದೇ ಗಾಡಿ ಗುಂತಕಲ್ ಕಡೆ ಮುಖ ಮಾಡಿ ಹೊರಟರೆ ಎಲ್ಲಿಗೆ ಮುಟ್ಟುತ್ತದೆ ಅಂತ ಯೋಚಿಸುವವರು ಕಮ್ಮಿ. ವಿಜಯವಾಡ, ವಿಶಾಖಪಟ್ಟಣ, ಭುವನೇಶ್ವರ ದಾಟಿ, ಕೋಲ್ಕತ್ತಾದ ಎದುರು ದಂಡೆಯಲ್ಲಿರುವ ಶಾಲಿಮಾರ್ ಸ್ಟೇಷನ್‌ನಲ್ಲಿ ಅದು ನಿಲ್ಲುತ್ತದೆ. ಒಂದು ತುದಿಯಲ್ಲಿ ಗೋವಾ, ಇನ್ನೊಂದು ತುದಿಯಲ್ಲಿ ಬಂಗಾಳ. ದೇಶದಲ್ಲಿ ಫುಟ್‌ಬಾಲ್ ಹುಚ್ಚು ಜಾಸ್ತಿ ಇರುವ ಎರಡು ಜಾಗಗಳ ನಡುವೆ ನಾವು ಸುಮ್ನೆ ಕ್ರಿಕೆಟ್ ನೋಡಿಕೊಂಡು ಕೂತಿದ್ದೇವೆ!

ಸುಮ್ನೆ ಕೂತಿದ್ದೇವೆ ಅಂದದ್ದೂ ಪೂರ್ತಿ ಸರಿಯಲ್ಲ. ತೋರಣಗಲ್ಲಿನ ಹತ್ತಿರ, ಜೆಎಸ್‌ಡಬ್ಲ್ಯು ಟೌನ್‌ಶಿಪ್‌ನಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೆ. ಬೆಂಗಳೂರು ಎಫ್‌ಸಿ ತನ್ನ ವಸತಿ ಅಕಾಡೆಮಿಯನ್ನು ಕಟ್ಟಿದ್ದು ಅಲ್ಲೇ, ನಮ್ಮ ಗಣಿ ಧೂಳಿನ ಪಕ್ಕದಲ್ಲೇ. ಆ ಕ್ಲಬ್ಬಿನ ಹುಡುಗರು ದೊಡ್ಡ ಕಪ್ ಗೆದ್ದದ್ದೂ ಉಂಟು, ಕೈಗೆ ಬಂದ ಕಪ್ಪನ್ನು ಕಳೆದುಕೊಂಡದ್ದೂ ಉಂಟು. ಎರಡೂ ನಡೆದದ್ದು ಕೋಲ್ಕತ್ತಾದ ಒಂದೇ ಮೈದಾನದಲ್ಲಿ. ಅದರ ಪೂರ್ತಿ ಹೆಸರು ವಿವೇಕಾನಂದ ಯುವ ಭಾರತಿ ಕ್ರೀಡಾಂಗಣ. ಜನ ಕರೆಯುವುದು ಸಾಲ್ಟ್ ಲೇಕ್ ಸ್ಟೇಡಿಯಂ ಅಂತ.

ಈ ಸ್ಟೇಡಿಯಂ ಬಗ್ಗೆ ಓದುವಾಗ ಒಂದು ವಿಷಯ ತಲೆ ಕೆಡಿಸುತ್ತದೆ. 1997ರಲ್ಲಿ ಇಲ್ಲಿ ಒಂದೇ ಪಂದ್ಯಕ್ಕೆ 1,31,781 ಜನ ಸೇರಿದ್ದರು. 2017ರಲ್ಲಿ ಕೋಟಿಗಟ್ಟಲೆ ಖರ್ಚು ಮಾಡಿ ನವೀಕರಿಸಿದ ಮೇಲೆ, ವಿಶ್ವಕಪ್ ಪಂದ್ಯಕ್ಕೆ ಒಳಗೆ ಬಿಟ್ಟದ್ದು 66,687 ಜನರನ್ನು ಮಾತ್ರ. ಗೋಡೆ ಅದೇ, ಗ್ಯಾಲರಿ ಅದೇ. ಹಾಗಿದ್ದರೆ ಅರ್ಧದಷ್ಟು ಜಾಗ ಎಲ್ಲಿಗೆ ಹೋಯಿತು?

ಮೊದಲು ಯಾಕೆ ಕಟ್ಟಿದರು

ಕೋಲ್ಕತ್ತಾದಲ್ಲಿ ಫುಟ್‌ಬಾಲ್ ಅಂದರೆ ಮೈದಾನ್. ಊರಿನ ನಡುವೆ ಇರುವ ಆ ದೊಡ್ಡ ಬಯಲಿಗೆ ಹೆಸರೇ ಮೈದಾನ್. 1889ರಲ್ಲಿ ಹುಟ್ಟಿದ ಮೋಹನ್ ಬಗಾನ್, 1891ರ ಮೊಹಮ್ಮಡನ್ ಸ್ಪೋರ್ಟಿಂಗ್, 1920ರ ಈಸ್ಟ್ ಬೆಂಗಾಲ್ ಮೂರಕ್ಕೂ ಅಲ್ಲೇ ಚಿಕ್ಕ ಚಿಕ್ಕ ಮೈದಾನಗಳಿವೆ. 1911ರ ಜುಲೈ 29ರಂದು ಮೋಹನ್ ಬಗಾನ್ ಬ್ರಿಟಿಷ್ ಸೈನಿಕರ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟ್ ತಂಡವನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದು ಈ ಬಯಲಿನ ಕಡೆಯೇ. ಬಗಾನ್ ತಂಡದಲ್ಲಿ ಬೂಟು ಹಾಕಿದ್ದವರು ಒಬ್ಬರೇ. ಉಳಿದ ಹತ್ತು ಜನ ಬರಿಗಾಲಲ್ಲಿ ಆಡಿದರು. ಆ ಗೆಲುವಿನ ನಂತರ ಬಂಗಾಳದಲ್ಲಿ ಫುಟ್‌ಬಾಲ್ ಬರೀ ಆಟವಾಗಿ ಉಳಿಯಲಿಲ್ಲ.

ದೇಶ ವಿಭಜನೆ ಆದ ಮೇಲೆ ಇದಕ್ಕೆ ಇನ್ನೊಂದು ಗಂಟು ಬಿತ್ತು. ಪೂರ್ವ ಬಂಗಾಳದಿಂದ ಮನೆ ಮಠ ಬಿಟ್ಟು ಬಂದವರು ಈಸ್ಟ್ ಬೆಂಗಾಲ್ ಕ್ಲಬ್ಬನ್ನು ತಮ್ಮದು ಅಂತ ಅಪ್ಪಿಕೊಂಡರು. ಮೊದಲಿಂದ ಇಲ್ಲೇ ಇದ್ದವರದು ಮೋಹನ್ ಬಗಾನ್. ಅವರನ್ನು ಬಾಂಗಾಲ್ ಅಂತಾರೆ, ಇವರನ್ನು ಘೋಟಿ ಅಂತಾರೆ. ಅವರಿಗೆ ಇಲಿಶ್ ಮೀನು, ಇವರಿಗೆ ಸಿಗಡಿ. ಕೆಂಪು-ಹಳದಿ ಒಂದು ಕಡೆ, ಹಸಿರು-ಮರೂನ್ ಇನ್ನೊಂದು ಕಡೆ. ಈ ಎರಡು ಕ್ಲಬ್‌ಗಳ ಡರ್ಬಿ, ಅಂದರೆ ಒಂದೇ ಊರಿನ ಎದುರಾಳಿಗಳ ಪಂದ್ಯ, ಇದ್ದ ದಿನ ಇಡೀ ಊರು ಎರಡು ಭಾಗ.

ಸಮಸ್ಯೆ ಏನಂದರೆ, ಮೈದಾನ್ ಇರುವುದು ಸೈನ್ಯದ ಜಾಗದಲ್ಲಿ. ಅಲ್ಲಿ ಮನಸ್ಸಿಗೆ ಬಂದ ಹಾಗೆ ಎತ್ತರದ ಕಾಂಕ್ರೀಟ್ ಗ್ಯಾಲರಿ ಎಬ್ಬಿಸುವ ಹಾಗಿಲ್ಲ. ಕ್ಲಬ್ ಕಚೇರಿಗಳನ್ನು ಇವತ್ತಿಗೂ ಟೆಂಟ್ ಅಂತಲೇ ಕರೆಯುತ್ತಾರೆ. ಹಾಗಾಗಿ ದೊಡ್ಡ ಪಂದ್ಯಗಳನ್ನು ಕ್ರಿಕೆಟ್ಟಿನ ಈಡನ್ ಗಾರ್ಡನ್ಸ್‌ಗೆ ಒಯ್ಯಬೇಕಾಗುತ್ತಿತ್ತು. 1977ರಲ್ಲಿ ಪೆಲೆ ನ್ಯೂಯಾರ್ಕ್ ಕಾಸ್ಮೋಸ್ ತಂಡದ ಜೊತೆ ಬಂದು ಮೋಹನ್ ಬಗಾನ್ ವಿರುದ್ಧ 2-2 ಡ್ರಾ ಆಡಿದ್ದೂ ಈಡನ್‌ನಲ್ಲೇ.

1980ರ ಆಗಸ್ಟ್ 16. ಈಡನ್‌ನಲ್ಲಿ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್ ಲೀಗ್ ಪಂದ್ಯ. ಮೈದಾನದೊಳಗೆ ಆಟಗಾರರ ನಡುವೆ ಶುರುವಾದ ಜಗಳ ಗ್ಯಾಲರಿಗೆ ಹತ್ತಿತು. ಎರಡೂ ಕಡೆಯ ಅಭಿಮಾನಿಗಳು ಒಂದೇ ಜಾಗದಲ್ಲಿ ಕೂತಿದ್ದರು. ಹೊಡೆದಾಟ, ಓಟ, ನೂಕುನುಗ್ಗಲು. 16 ಜನ ಸತ್ತರು. ಕೋಲ್ಕತ್ತಾದಲ್ಲಿ ಆ ದಿನವನ್ನು ಇಂದಿಗೂ ಫುಟ್‌ಬಾಲ್ ಪ್ರೇಮಿಗಳ ದಿನ ಅಂತ ನೆನೆಯುತ್ತಾರೆ, ರಕ್ತದಾನ ಮಾಡುತ್ತಾರೆ.

ಸಾಲ್ಟ್ ಲೇಕ್ ಸ್ಟೇಡಿಯಂ ಬಾಗಿಲು ತೆರೆದದ್ದು 1984ರಲ್ಲಿ. ಹೆಸರೇ ಹೇಳುವ ಹಾಗೆ, ಆ ಜಾಗ ಮೊದಲು ಉಪ್ಪು ನೀರಿನ ಜೌಗು. 1960ರ ದಶಕದಲ್ಲಿ ಹೂಗ್ಲಿ ನದಿಯ ಹೂಳನ್ನು ಪೈಪಿನಲ್ಲಿ ತಂದು ಸುರಿದು, ನೆಲ ಎತ್ತರಿಸಿ ಹೊಸ ಬಡಾವಣೆ ಮಾಡಿದರು. ಅದರ ನಕ್ಷೆ ಹಾಕಿದ್ದು ಯುಗೋಸ್ಲಾವಿಯಾದ ವಾಸ್ತುಶಿಲ್ಪಿ ದೊಬ್ರಿವೋಯೆ ತೋಶ್ಕೋವಿಚ್. ಹಳೇ ಊರಲ್ಲಿ ಎಲ್ಲೂ ಸಿಗದಷ್ಟು ಬಯಲು ಇಲ್ಲಿ ಸಿಕ್ಕಿತು. ಮೂರು ಅಂತಸ್ತಿನ ಮೊಟ್ಟೆಯಾಕಾರದ ಕಾಂಕ್ರೀಟ್ ಗ್ಯಾಲರಿ ಎದ್ದಿತು. 1.2 ಲಕ್ಷ ಜನ ಕೂರಬಹುದು ಅಂತ ಲೆಕ್ಕ.

ಆ 1997ರ ಪಂದ್ಯ

1997ರ ಜುಲೈ 13. ಫೆಡರೇಷನ್ ಕಪ್ ಸೆಮಿಫೈನಲ್. ಮತ್ತದೇ ಎರಡು ತಂಡ. ಬಗಾನ್ ಕೋಚ್ ಅಮಲ್ ದತ್ತಾ ಆ ವರ್ಷ ಡೈಮಂಡ್ ಅನ್ನೋ ಹೊಸ ಪದ್ಧತಿಯಲ್ಲಿ ತಂಡವನ್ನು ಆಡಿಸುತ್ತಿದ್ದರು, ಎದುರಾಳಿಗಳನ್ನು ಚಿಂದಿ ಮಾಡುತ್ತಿದ್ದರು. ಬಾಯಿಯೂ ಜೋರು. ಎದುರು ತಂಡದ ಒಮೊಲೊ ಅವರನ್ನು ಆಮ್ಲೆಟ್ ಅಂದರು, ಬೈಚುಂಗ್ ಭುಟಿಯಾ ಹೆಸರನ್ನೂ ಆಡಿಕೊಂಡರು. ಈಸ್ಟ್ ಬೆಂಗಾಲ್ ಕೋಚ್ ಪಿ.ಕೆ. ಬ್ಯಾನರ್ಜಿ. ಅವರು ಹುಡುಗರನ್ನು ಹುರಿದುಂಬಿಸುವುದರಲ್ಲಿ ಎತ್ತಿದ ಕೈ, ಇಂಥ ಮಾತು ಅವರಿಗೆ ಹಬ್ಬದೂಟ. ಫಲಿತಾಂಶ: ಈಸ್ಟ್ ಬೆಂಗಾಲ್ 4, ಮೋಹನ್ ಬಗಾನ್ 1. ಬೈಚುಂಗ್ ಹ್ಯಾಟ್ರಿಕ್. ಆಡಿಕೊಂಡವರಿಗೆ ಕಾಲಲ್ಲೇ ಉತ್ತರ ಕೊಟ್ಟರು.

ಅವತ್ತು 1.2 ಲಕ್ಷದ ಸ್ಟೇಡಿಯಂನಲ್ಲಿ 1.31 ಲಕ್ಷ ಜನ. ಅದು ಹೇಗೆ ಸಾಧ್ಯ? ಈ ಪ್ರಶ್ನೆಯಲ್ಲೇ ನಮ್ಮ ಮೊದಲ ಪ್ರಶ್ನೆಗೂ ಉತ್ತರವಿದೆ.

ಆಗ ಗ್ಯಾಲರಿಯಲ್ಲಿ ಬಿಡಿ ಬಿಡಿ ಕುರ್ಚಿ ಇರಲಿಲ್ಲ. ಉದ್ದುದ್ದ ಸಾಲು, ಅಷ್ಟೇ. ಉದ್ದ ಸಾಲಿನಲ್ಲಿ ಎಷ್ಟು ಜನ ಕೂರಬಹುದು ಅನ್ನುವುದಕ್ಕೆ ಗಟ್ಟಿ ಉತ್ತರ ಇಲ್ಲ. "ಸ್ವಲ್ಪ ಸರೀರಿ" ಅಂದರೆ ಇನ್ನೊಬ್ಬರು ಹಿಡಿಯುತ್ತಾರೆ. ನಮ್ಮ ಬಸ್ಸಿನ ಮೂರು ಜನರ ಸೀಟಿನಲ್ಲಿ ನಾಲ್ಕನೆಯವರು ಕೂತದ್ದನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ? ಲೆಕ್ಕ ಹಾಕಿ. 100 ಮೀಟರ್ ಉದ್ದದ ಸಾಲು ಇದೆ ಅಂದುಕೊಳ್ಳಿ. ಒಬ್ಬರಿಗೆ 50 ಸೆಂಟಿಮೀಟರ್ ಕೊಟ್ಟರೆ 200 ಜನ. 40ಕ್ಕೆ ಇಳಿಸಿದರೆ 250. ಒತ್ತೊತ್ತಿ 35ಕ್ಕೆ ತಂದರೆ 285. ಅದರ ಮೇಲೆ ಮೆಟ್ಟಿಲಲ್ಲೂ ಜನ ಕೂತರು ಅಂದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಈಗ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಏನು ಕೇಳುತ್ತದೆ ನೋಡಿ. ಪ್ರತಿಯೊಬ್ಬರಿಗೂ ಬೇರೆ ಸೀಟು ಇರಬೇಕು. ಅದು ನೆಲಕ್ಕೆ ಬಿಗಿದಿರಬೇಕು. ನಂಬರ್ ಇರಬೇಕು. ಬೆನ್ನಿಗೆ ಕನಿಷ್ಠ 30 ಸೆಂಟಿಮೀಟರ್ ಎತ್ತರದ ಆಸರೆ ಇರಬೇಕು. ಇಷ್ಟು ಮಾಡಿದ ಕೂಡಲೇ "ಸ್ವಲ್ಪ ಸರೀರಿ" ಅನ್ನುವುದು ನಿಂತಿತು. ಇಂಥ ಬಿಡಿ ಕುರ್ಚಿ (ಬಕೆಟ್ ಸೀಟು) ಹಾಕಿಸಿದ ಮೇಲೆ ಇಲ್ಲಿನ ಸಾಮರ್ಥ್ಯ ಸುಮಾರು 85 ಸಾವಿರಕ್ಕೆ ಇಳಿಯಿತು. ಅಂದರೆ ಕಳೆದುಹೋದ ಜಾಗದಲ್ಲಿ ದೊಡ್ಡ ಪಾಲು ಹೋದದ್ದು ನೆಟ್ಟಗೆ ಕೂರುವುದಕ್ಕೆ.

ಆದರೆ 85 ಸಾವಿರವೂ ಅಲ್ಲ, 66 ಸಾವಿರ ಯಾಕೆ? ಇಲ್ಲಿಂದ ಮುಂದೆ ಕೂರುವ ಮಾತಲ್ಲ, ಏಳುವ ಮಾತು.

ಕೊಪ್ಪಳದ ಗವಿಮಠದ ಜಾತ್ರೆಗೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜನ ಬೆಳಗಿನಿಂದ ಒಬ್ಬೊಬ್ಬರಾಗಿ, ಗುಂಪು ಗುಂಪಾಗಿ ಬರುತ್ತಾರೆ, ಗೊತ್ತೇ ಆಗುವುದಿಲ್ಲ. ತೇರು ಎಳೆದು ಮುಗಿದ ಮೇಲೆ ಎಲ್ಲರೂ ಒಂದೇ ಸಲ ತಿರುಗುತ್ತಾರೆ ನೋಡಿ, ಆಗ ಗೊತ್ತಾಗುತ್ತದೆ. ಜಾತ್ರೆಗಾದರೂ ನಾಲ್ಕೂ ದಿಕ್ಕು ಬಯಲು. ಸ್ಟೇಡಿಯಂಗೆ ಸುತ್ತ ಗೋಡೆ.

ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಗ್ರೀನ್ ಗೈಡ್ ಅನ್ನೋ ಕೈಪಿಡಿ ಇದೆ. ಪ್ರಪಂಚದ ಬಹಳಷ್ಟು ಎಂಜಿನಿಯರುಗಳು ನೋಡುವುದು ಅದನ್ನೇ. ಅದರ ಪ್ರಕಾರ ಗ್ಯಾಲರಿಯಲ್ಲಿ ಇರುವವರೆಲ್ಲ ಹೆಚ್ಚೆಂದರೆ 8 ನಿಮಿಷದಲ್ಲಿ ಹೊರದಾರಿಗೆ ಸೇರಿಬಿಡಬೇಕು. ಮೆಟ್ಟಿಲಿನ ಮೇಲೆ 1 ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ ಇಳಿಯಬಹುದು, ಸಮತಟ್ಟು ದಾರಿಯಲ್ಲಾದರೆ 82 ಜನ ಅಂತ ಅದು ಹಿಡಿಯುತ್ತದೆ. ನಾವೇ ಒಂದು ಗುಣಾಕಾರ ಮಾಡೋಣ. 1.2 ಮೀಟರ್ ಅಗಲದ ಮೆಟ್ಟಿಲು ಅಂದುಕೊಂಡರೆ ನಿಮಿಷಕ್ಕೆ 79 ಜನ. 8 ನಿಮಿಷಕ್ಕೆ 630 ಚಿಲ್ಲರೆ. 66,687 ಜನರಿಗೆ ಇಂಥ 106 ಮೆಟ್ಟಿಲುದಾರಿ ಬೇಕು. 1,31,781 ಜನರಿಗೆ? 208! ಇದು ಕಾಗದದ ಮೇಲಿನ ಲೆಕ್ಕ, ಆ ಸ್ಟೇಡಿಯಂನ ನಿಜವಾದ ಮೆಟ್ಟಿಲುಗಳ ಲೆಕ್ಕ ಅಲ್ಲ. ಆದರೆ ವಿಷಯ ಗೊತ್ತಾಯಿತಲ್ಲ. ಸ್ಟೇಡಿಯಂ ಎಷ್ಟು ದೊಡ್ಡದು ಅಂತ ನಿರ್ಧರಿಸುವುದು ಕುರ್ಚಿ ಅಲ್ಲ, ಬಾಗಿಲು. 40 ವರ್ಷದ ಹಿಂದಿನ ಕಾಂಕ್ರೀಟ್ ಕಟ್ಟಡದಲ್ಲಿ ಹೊಸದಾಗಿ ನೂರಾರು ಮೆಟ್ಟಿಲು ಕೊರೆಯುವುದು ಆಗದ ಮಾತು. ಒಳಗೆ ಬಿಡುವ ಜನರನ್ನೇ ಕಡಿಮೆ ಮಾಡಬೇಕು.

ಇಂಥ ನಿಯಮಗಳು ಸುಮ್ನೆ ಬಂದವಲ್ಲ. 1989ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ, ಹಿಲ್ಸ್‌ಬರೋ ಮೈದಾನದ ನಿಂತು ನೋಡುವ ಗ್ಯಾಲರಿಯಲ್ಲಿ ಜನ ಒತ್ತಿ ಒತ್ತಿ ಉಸಿರುಗಟ್ಟಿದರು. ಆ ದುರಂತದಲ್ಲಿ ಸತ್ತವರ ಸಂಖ್ಯೆ 97. ಆಮೇಲೆ ಬಂದ ಟೇಲರ್ ವರದಿ ದೊಡ್ಡ ಸ್ಟೇಡಿಯಂಗಳಲ್ಲಿ ಎಲ್ಲರಿಗೂ ಸೀಟು ಇರಲೇಬೇಕು ಅಂದಿತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ನೂಕುನುಗ್ಗಲಿನಲ್ಲಿ 11 ಜನ ಸತ್ತರು. ಒಳಗೆ ಪಂದ್ಯ ಕೂಡ ಇರಲಿಲ್ಲ, ವಿಜಯೋತ್ಸವ ಇತ್ತು. 1.31 ಲಕ್ಷ ಅನ್ನುವುದನ್ನು ಹೆಮ್ಮೆಯಿಂದ ಹೇಳುವಾಗ ನನಗೆ ಈ ಎರಡೂ ನೆನಪಾಗುತ್ತವೆ. ಅವತ್ತು ಸಾಲ್ಟ್ ಲೇಕ್‌ನಲ್ಲಿ ಎಲ್ಲರೂ ಮನೆ ಮುಟ್ಟಿದ್ದು ನಮ್ಮ ಪುಣ್ಯ ಅನ್ನಬೇಕು.

ಹಳೇ ದಿನ ಚೆಂದ, ಈಗ ಮಜಾ ಇಲ್ಲ ಅನ್ನುವವರು ಇದ್ದಾರೆ. 2017ರ ಅಕ್ಟೋಬರ್ 28ರ ಫೈನಲ್ ನೋಡಿದವರು ಹಾಗೆ ಅನ್ನಲಾರರು. 17 ವರ್ಷದೊಳಗಿನವರ ವಿಶ್ವಕಪ್. ಸ್ಪೇನ್ ಮೊದಲು 2-0 ಮುಂದಿತ್ತು. ಇಂಗ್ಲೆಂಡ್ ಐದು ಗೋಲು ಹೊಡೆದು 5-2ರಿಂದ ಗೆದ್ದಿತು. ಅದರಲ್ಲಿ ಎರಡು ಗೋಲು ಫಿಲ್ ಫೋಡನ್ ಅನ್ನೋ ಹುಡುಗನದು. ಅದಕ್ಕೂ ಮೊದಲು ಗುವಾಹಟಿಯಲ್ಲಿ ನಡೆಯಬೇಕಿದ್ದ ಬ್ರೆಜಿಲ್-ಇಂಗ್ಲೆಂಡ್ ಸೆಮಿಫೈನಲ್ ಕೂಡ ಅಲ್ಲಿ ಮಳೆಗೆ ಮೈದಾನ ಕೆಟ್ಟಿದ್ದರಿಂದ ಇಲ್ಲಿಗೇ ಬಂತು. ಎರಡು ದಿನಕ್ಕೆ ಮೊದಲು ಸುದ್ದಿ ಗೊತ್ತಾದರೂ ಜನ ಕಿಕ್ಕಿರಿದು ಬಂದರು.

ದೊಡ್ಡ ಹೆಸರುಗಳು ಇನ್ನೂ ಇವೆ. 2008ರ ಮೇ 27ರಂದು ಜರ್ಮನಿಯ ಗೋಲ್‌ಕೀಪರ್ ಆಲಿವರ್ ಕಾನ್, ಬಾಯರ್ನ್ ಮ್ಯೂನಿಕ್ ಪರ ತನ್ನ ವಿದಾಯದ ಪ್ರವಾಸದ ಪಂದ್ಯ ಆಡಿದ್ದು ಇಲ್ಲಿ, ಮೋಹನ್ ಬಗಾನ್ ವಿರುದ್ಧ. 2011ರ ಸೆಪ್ಟೆಂಬರ್ 2ರಂದು ವೆನೆಜುವೆಲಾ ಜೊತೆಗಿನ ಸ್ನೇಹಪಂದ್ಯದಲ್ಲಿ ಲಯೊನೆಲ್ ಮೆಸ್ಸಿ ಅರ್ಜೆಂಟೀನಾದ ಪೂರ್ಣಾವಧಿ ನಾಯಕನಾಗಿ ಮೊದಲ ಸಲ ಇಳಿದದ್ದೂ ಇಲ್ಲೇ. 1-0. ಗೋಲು ಮೆಸ್ಸಿಯದಲ್ಲ, ಒಟಮೆಂಡಿಯ ತಲೆಯದು.

ನಮಗೆ ಹತ್ತಿರವಾದದ್ದು ಬೇರೆ ಮೂರು. 2022ರ ಸೆಪ್ಟೆಂಬರ್ 18ರಂದು ಬೆಂಗಳೂರು ಎಫ್‌ಸಿ ಇಲ್ಲಿ ಮುಂಬೈ ಸಿಟಿಯನ್ನು 2-1ರಿಂದ ಸೋಲಿಸಿ ಡ್ಯುರಾಂಡ್ ಕಪ್ ಎತ್ತಿತು. 1888ರಲ್ಲಿ ಶಿಮ್ಲಾದಲ್ಲಿ ಶುರುವಾದ ಆ ಕಪ್ ಏಷ್ಯಾದಲ್ಲೇ ಹಳೆಯದು. 2025ರ ಏಪ್ರಿಲ್ 12ರಂದು ಅದೇ ತಂಡ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫೈನಲ್‌ನಲ್ಲಿ ಮೋಹನ್ ಬಗಾನ್ ಎದುರು ಮುಂದಿದ್ದೂ, ಹೆಚ್ಚುವರಿ ಸಮಯದಲ್ಲಿ 2-1ರಿಂದ ಸೋತಿತು. ಇವೆರಡರ ನಡುವೆ, 2024ರ ಜೂನ್ 6ರಂದು ಸುನಿಲ್ ಛೆಟ್ರಿ ಭಾರತದ ಪರ ವಿದಾಯ ಪಂದ್ಯ ಆಡಿದರು. ಕುವೈತ್ ಜೊತೆ 0-0. ಗೋಲಿಲ್ಲದ ಪಂದ್ಯಕ್ಕೆ ಜನ ಕಣ್ಣೀರು ಹಾಕಿದರು. ಅವರು 2002ರಲ್ಲಿ ವೃತ್ತಿ ಶುರು ಮಾಡಿದ್ದೂ ಇದೇ ಊರಿನ ಮೋಹನ್ ಬಗಾನ್‌ನಲ್ಲಿ. 2025ರ ಮಾರ್ಚ್‌ನಲ್ಲಿ ಮತ್ತೆ ದೇಶದ ತಂಡಕ್ಕೆ ಬಂದರು ಅನ್ನಿ, ಆ ಕಣ್ಣೀರು ಸ್ವಲ್ಪ ದುಬಾರಿ ಆಯಿತು.

ಹೋಗಿ ನೋಡುವುದಾದರೆ

ಯುರೋಪಿನ ದೊಡ್ಡ ಕ್ಲಬ್‌ಗಳ ಹಾಗೆ ಟಿಕೆಟ್ ತಗೊಂಡು, ಡ್ರೆಸ್ಸಿಂಗ್ ರೂಮು, ಕಪ್ಪುಗಳ ಕಪಾಟು ನೋಡಿಕೊಂಡು ಬರುವ ಲೆಕ್ಕದಲ್ಲಿ ಇಲ್ಲಿಗೆ ಹೊರಡಬೇಡಿ. ಖಾಲಿ ಸ್ಟೇಡಿಯಂ ನೋಡೋಕೆ ಅಷ್ಟು ದೂರ ಯಾಕೆ? ಪಂದ್ಯದ ದಿನವೇ ಹೋಗಿ. ಮೊದಲು ಪಂದ್ಯದ ಪಟ್ಟಿ ನೋಡಿ, ಆಮೇಲೆ ರೈಲು ಟಿಕೆಟ್. ಡ್ಯುರಾಂಡ್ ಕಪ್ ಸಾಮಾನ್ಯವಾಗಿ ಮಳೆಗಾಲದಲ್ಲಿ. ಕೋಲ್ಕತ್ತಾದ ಮಳೆಗಾಲ ಅಂದರೆ ಅಂಗಿ ಮೈಗಂಟುವ ಸೆಕೆ. ಬಳ್ಳಾರಿ ಬಿಸಿಲು ಕುಡಿದವರಿಗೂ ಅದು ಬೇರೆಯೇ ಕಷ್ಟ.

ಅಮರಾವತಿ ಎಕ್ಸ್‌ಪ್ರೆಸ್ ದಿನಾ ಇರುವುದಿಲ್ಲ, ವಾರದಲ್ಲಿ ಕೆಲವು ದಿನ ಮಾತ್ರ. ಬಳ್ಳಾರಿಯಿಂದ ಒಂದು ಪೂರ್ತಿ ದಿನಕ್ಕಿಂತ ಜಾಸ್ತಿ ಹಾದಿ. ರಾಯಚೂರಿನವರು ಗುಂತಕಲ್‌ಗೆ ಬಂದು ಹಿಡಿಯಬಹುದು. ಶಾಲಿಮಾರ್ ಇರುವುದು ಹೌರಾ ಕಡೆ. ಅಲ್ಲಿಂದ ಹೌರಾ ಸ್ಟೇಷನ್‌ಗೆ ಬಸ್ಸೋ ಟ್ಯಾಕ್ಸಿಯೋ ಹಿಡಿದರೆ ಮುಂದಿನದು ಸಲೀಸು. ಮೆಟ್ರೊ ಹಸಿರು ಮಾರ್ಗ ಹೂಗ್ಲಿ ನದಿಯ ತಳದ ಸುರಂಗದಲ್ಲಿ ಹಾದು, ಎಸ್ಪ್ಲನೇಡ್, ಸಿಯಾಲ್ದಾ ದಾಟಿ ನೇರ ಸಾಲ್ಟ್ ಲೇಕ್ ಸ್ಟೇಡಿಯಂ ಅನ್ನೋ ನಿಲ್ದಾಣಕ್ಕೇ ಇಳಿಸುತ್ತದೆ. 2025ರ ಆಗಸ್ಟ್‌ನಲ್ಲಿ ಎಸ್ಪ್ಲನೇಡ್-ಸಿಯಾಲ್ದಾ ತುಂಡು ಶುರುವಾಗುವವರೆಗೆ ಈ ದಾರಿ ನಡುವೆ ಕಡಿದುಹೋಗಿತ್ತು.

ಎಲ್ಲಿ ಕೂರಬೇಕು? ಇದಕ್ಕೂ ಒಂದು ಲೆಕ್ಕ ಇದೆ. ಈ ಸ್ಟೇಡಿಯಂನಲ್ಲಿ ಫುಟ್‌ಬಾಲ್ ಮೈದಾನದ ಸುತ್ತ ಓಟದ ಟ್ರ್ಯಾಕ್ ಇದೆ. ಎಂಟು ಲೇನಿನ ಪ್ರಮಾಣಿತ ಟ್ರ್ಯಾಕ್ ಒಟ್ಟು ಸುಮಾರು 177 ಮೀಟರ್ ಉದ್ದ, 92 ಮೀಟರ್ ಅಗಲ. ಅದರೊಳಗೆ 105 ಮೀಟರ್ ಉದ್ದ, 68 ಮೀಟರ್ ಅಗಲದ ಫುಟ್‌ಬಾಲ್ ಅಂಕಣ. ಕಳೆದು ನೋಡಿ. ಗೋಲಿನ ಹಿಂದೆ ಕೂತವರಿಗೂ ಅಂಕಣಕ್ಕೂ ಕನಿಷ್ಠ 36 ಮೀಟರ್ ಅಂತರ. ಪಕ್ಕದಲ್ಲಿ ಕೂತವರಿಗೆ 12 ಮೀಟರ್ ಮಾತ್ರ. ಇಂಗ್ಲಿಷ್ ಲೀಗ್ ಪಂದ್ಯಗಳನ್ನು ಟಿವಿಯಲ್ಲಿ ನೋಡಿ "ಗೋಲ್ ಹಿಂದೆ ಕೂತರೆ ಮಜಾ" ಅಂದುಕೊಂಡು ಬಂದರೆ ಇಲ್ಲಿ ಎದುರು ತುದಿಯ ಗೋಲು ಇರುವೆಗಳ ಆಟದ ಹಾಗೆ ಕಾಣುತ್ತದೆ. ಹಣ ಸ್ವಲ್ಪ ಜಾಸ್ತಿ ಆದರೂ ಪಕ್ಕದ ಗ್ಯಾಲರಿಯ ನಡುವಿನ ಅಂತಸ್ತು ತಗೊಳ್ಳಿ. ತೀರಾ ಕೆಳಗಿನ ಸಾಲಿನಲ್ಲಿ ಕೂತರೆ ಆಟಗಾರರ ಹತ್ತಿರ ಇರುತ್ತೀರಿ, ನಿಜ. ಆದರೆ ಚೆಂಡು ಯಾವ ಕಡೆ ಸಾಗುತ್ತಿದೆ ಅಂತ ಗೊತ್ತಾಗಲು ಸ್ವಲ್ಪ ಎತ್ತರ ಬೇಕು.

ಡರ್ಬಿ ಆದರೆ ಗ್ಯಾಲರಿಗಳನ್ನು ಎರಡು ಕ್ಲಬ್‌ಗಳಿಗೆ ಹಂಚಿರುತ್ತಾರೆ. 1980ರ ಪಾಠ ಅದು. ಟಿಕೆಟ್ ಕೊಳ್ಳುವಾಗ ಯಾರ ಕಡೆಯದು ಅಂತ ನೋಡಿ ಕೊಳ್ಳಿ. ಕೆಂಪು-ಹಳದಿ ಅಂಗಿ ಹಾಕಿಕೊಂಡು ಬಗಾನ್ ಗ್ಯಾಲರಿಗೆ ಹೋಗಬೇಡಿ. ನಮ್ಮ ಕನ್ನಡ ಬಾವುಟದ ಬಣ್ಣವೂ ಹಳದಿ-ಕೆಂಪೇ, ಅದನ್ನು ಅಲ್ಲಿ ಯಾರಿಗೂ ವಿವರಿಸಲು ಪುರುಸೊತ್ತು ಇರುವುದಿಲ್ಲ! ಆನ್‌ಲೈನ್ ಟಿಕೆಟ್ ಆದರೆ ಗೇಟಿನಲ್ಲಿ ಫೋನ್ ತೋರಿಸಿದರೆ ಸಾಕೋ, ಕೌಂಟರಿನಲ್ಲಿ ಕಾಗದದ ಟಿಕೆಟ್ ಬದಲಿಸಿಕೊಳ್ಳಬೇಕೋ ಅನ್ನುವುದನ್ನು ಮೊದಲೇ ಓದಿಕೊಳ್ಳಿ. ನೀರಿನ ಬಾಟಲಿ, ಪವರ್ ಬ್ಯಾಂಕ್, ಬ್ಯಾಗು ಬೇಡ. ಗೇಟಿನಲ್ಲಿ ಇಟ್ಟುಕೊಳ್ಳುವವರು ಇರುವುದಿಲ್ಲ.

ಬೆಳಗ್ಗೆ ಸಮಯ ಇದ್ದರೆ ಎಸ್ಪ್ಲನೇಡ್‌ನಲ್ಲಿ ಇಳಿದು ಮೈದಾನ್ ಕಡೆ ನಡೆಯಿರಿ. ಮೂರೂ ಕ್ಲಬ್ಬಿನ ಟೆಂಟ್‌ಗಳು ಈಡನ್ ಗಾರ್ಡನ್ಸ್‌ಗೆ ದೂರವಿಲ್ಲ. ಮೈದಾನಿನ ಟೆಂಟ್ ಕ್ಯಾಂಟೀನುಗಳ ಚಿಕನ್ ಸ್ಟ್ಯೂ, ಟೋಸ್ಟ್ ಹೆಸರುವಾಸಿ. ತೆಳ್ಳಗಿನ ಬಿಸಿ ಸಾರು, ಅದರಲ್ಲಿ ಒಂದು ದೊಡ್ಡ ತುಂಡು ಕೋಳಿ, ಬೆಂದ ತರಕಾರಿ, ಮೇಲೆ ಕಾಳುಮೆಣಸಿನ ಪುಡಿ, ಪಕ್ಕದಲ್ಲಿ ಬೆಣ್ಣೆ ಸವರಿದ ಬ್ರೆಡ್. ಖಾರಕ್ಕೆ ಒಗ್ಗಿದ ನಮ್ಮ ನಾಲಿಗೆಗೆ ಇದು ಜ್ವರ ಬಂದವರ ಊಟ ಅನ್ನಿಸಬಹುದು. ಆಟಗಾರರು ಅಭ್ಯಾಸ ಮುಗಿಸಿ ತಿನ್ನಲು ಹೇಳಿ ಮಾಡಿಸಿದ್ದು.

ಪಂದ್ಯ ಮುಗಿಯುವ ಐದು ನಿಮಿಷ ಮೊದಲು ಎದ್ದು ಓಡುವ ಚಾಳಿ ನಮ್ಮಲ್ಲಿದೆ. ಇಲ್ಲಿ ಅದು ಬೇಡ. ಸೀಟಿನಲ್ಲೇ ಸ್ವಲ್ಪ ಹೊತ್ತು ಕೂತು, ಮೆಟ್ಟಿಲು ಖಾಲಿಯಾದ ಮೇಲೆ ಇಳಿಯಿರಿ. ರಾತ್ರಿ ಪಂದ್ಯ ಆದರೆ ಹೌರಾ ಕಡೆಯ ಕೊನೆಯ ಮೆಟ್ರೊ ಎಷ್ಟಕ್ಕೆ ಅಂತ ಬರುವಾಗಲೇ ನಿಲ್ದಾಣದಲ್ಲಿ ಕೇಳಿಟ್ಟುಕೊಳ್ಳಿ. ಅದು ತಪ್ಪಿದರೆ ಸ್ಟೇಡಿಯಂ ಪಕ್ಕದ ದೊಡ್ಡ ರಸ್ತೆಯಾದ ಇ.ಎಂ. ಬೈಪಾಸ್‌ಗೆ ಬಂದು ಟ್ಯಾಕ್ಸಿಗೆ ಕೈ ಮಾಡಬೇಕು. ಡರ್ಬಿ ರಾತ್ರಿ ಬಾಡಿಗೆ ಅವರು ಹೇಳಿದ್ದೇ.